ಸರ ಸಿಗದಿದ್ದರೂ ಸರಿ, ಎಫ್‌ಐಆರ್ ಬರೆಯಿರಿ

ನಮಸ್ಕಾರ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬಸ್ಸಿನಲ್ಲೋ ಸಂತೆಯಲ್ಲೋ ಜಾತ್ರೆಯಲ್ಲೋ ನಿಮ್ಮ ಒಡವೆಯನ್ನು ಯಾರೋ ಎಗರಿಸಿದ್ದಾರೆ, ನೀವು ಎದ್ದುಬಿದ್ದು ಠಾಣೆಗೆ ಹೋಗಿದ್ದೀರಿ. ಅಲ್ಲಿ ಒಂದು ಬಿಳಿ ಹಾಳೆ ಮುಂದಿಟ್ಟು, 'ಎಲ್ಲೋ ಬಿದ್ದು ಕಳೆದುಹೋಗಿದೆ ಅಂತ ಬರೆದುಕೊಡಿ, ಕೆಲಸ ಬೇಗ ಆಗುತ್ತದೆ' ಎಂದರೆ ದಯವಿಟ್ಟು ಬರೆಯಬೇಡಿ. ಆ ಒಂದು ಸಾಲು ಬರೆದು ಸಹಿ ಹಾಕಿದರೆ ಕಳ್ಳನೇ ಇಲ್ಲವಾಗುತ್ತಾನೆ. ಕಳ್ಳನೇ ಇಲ್ಲದ ಮೇಲೆ ಹಿಡಿಯುವ ಮಾತೆಲ್ಲಿ?

ಇದನ್ನು ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಮುಚ್ಚಿಡುವುದೇನಿಲ್ಲ. ನಮ್ಮ ಚಿಕ್ಕಮ್ಮ ಮದುವೆಗೆಂದು ಮಂಡ್ಯದಿಂದ ಮೈಸೂರಿಗೆ ಹೊರಟಿದ್ದರು. ದಾರಿಯಲ್ಲಿ ಕೊರಳಿಗೆ ಹಾಕಿಕೊಂಡರೆ ಭಯ, ಛತ್ರಕ್ಕೆ ಹೋಗಿ ಹಾಕಿಕೊಂಡರಾಯಿತು ಎಂದು ಎರಡೆಳೆ ಸರ ಮತ್ತು ಓಲೆಯನ್ನು ಒಂದು ಬಟ್ಟೆಯ ಪರ್ಸಿನಲ್ಲಿಟ್ಟು, ಅದನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದಿದ್ದರು. ಬಸ್ ಬಂದು ನಿಂತಿತು. ಆ ಬಾಗಿಲಿನ ನೂಕುನುಗ್ಗಲು ನಿಮಗೆ ಗೊತ್ತೇ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಧೈರ್ಯವಾಗಿ ಊರೂರು ತಿರುಗುತ್ತಿದ್ದಾರೆ, ಅದು ಒಳ್ಳೆಯದೇ. ಆದರೆ ಹತ್ತುವ ಜನಕ್ಕೆ ತಕ್ಕಷ್ಟು ಬಸ್ಸುಗಳಿಲ್ಲ. ಮುಂದಿನವರು ತಡೆದು ನಿಲ್ಲುತ್ತಾರೆ, ಹಿಂದಿನವರು ತಳ್ಳುತ್ತಾರೆ, ನಡುವೆ ಯಾರದೋ ಎರಡು ಬೆರಳು ಕೆಲಸ ಮಾಡುತ್ತವೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಕರವಸ್ತ್ರಕ್ಕೆಂದು ಕೈ ಹಾಕಿದರೆ ಜಿಪ್ ಬಾಯಿ ಬಿಟ್ಟುಕೊಂಡಿದೆ. ಒಳಗೆ ಆಧಾರ್ ಕಾರ್ಡ್ ಮತ್ತು ಶೂನ್ಯ ದರದ ಟಿಕೆಟ್ ಮಾತ್ರ ಉಳಿದಿತ್ತು.

ಹೋದ ಮೊದಲ ಠಾಣೆಯಲ್ಲಿ, 'ಎಲ್ಲಿ ಹತ್ತಿದಿರಿ ತಾಯಿ? ಹಾಗಿದ್ದರೆ ಆ ಊರಿನ ಠಾಣೆಗೆ ಹೋಗಿ' ಎಂದರು. ಎರಡನೆಯ ಠಾಣೆಯಲ್ಲಿ, 'ಗೊತ್ತಾಗಿದ್ದು ಎಲ್ಲಿ? ಹಾಗಿದ್ದರೆ ನಮ್ಮ ಸರಹದ್ದಿಗೆ ಬರುವುದಿಲ್ಲ' ಎಂದರು. ಠಾಣೆಗಳ ಹೆಸರು ಹೇಳುವುದಿಲ್ಲ, ಯಾವ ಠಾಣೆಗೆ ಹೋದರೂ ಇದೇ ಮಾತು ಕೇಳಬೇಕಾದ ಕಾಲವಿದು. ಮಂಡ್ಯ ಜಿಲ್ಲೆ ಶ್ರೀರಂಗಪಟ್ಟಣದಿಂದ ಸ್ವಲ್ಪ ಮುಂದಕ್ಕೆ ಹೋದರೆ ಮುಗಿಯುತ್ತದೆ, ಅಲ್ಲಿಂದಾಚೆ ಮೈಸೂರು. ಬಸ್ಸಿನ ಬದಲು ರೈಲು ಹತ್ತಿದ್ದರೆ ರೈಲ್ವೆ ಪೊಲೀಸರು ಎಂಬ ಮೂರನೆಯ ಬಾಗಿಲೂ ತೆರೆಯುತ್ತಿತ್ತು. ಕಳ್ಳನಿಗೆ ಮಾತ್ರ ಸರಹದ್ದಿನ ತೊಂದರೆಯಿಲ್ಲ.

ಕೊನೆಗೆ ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಕೇಳಿದ ಪ್ರಶ್ನೆ ಇದು: 'ಒಡವೆಯನ್ನು ಹಾಕಿಕೊಂಡು ಬರುವುದು ಬಿಟ್ಟು ಬ್ಯಾಗಿನಲ್ಲಿ ಯಾಕಮ್ಮ ಇಟ್ಟಿರಿ?' ನಮ್ಮ ಬೀದಿಯಲ್ಲೇ ಬೆಳಿಗ್ಗೆ ರಂಗೋಲಿ ಬಿಡುತ್ತಿದ್ದ ಹೆಂಗಸಿನ ಮಾಂಗಲ್ಯ ಸರವನ್ನು ಬೈಕಿನವರು ಕಿತ್ತುಕೊಂಡು ಹೋದಾಗ ಆಕೆಯನ್ನು ಕೇಳಿದ್ದು ಇನ್ನೊಂದು ಪ್ರಶ್ನೆ: 'ಅಷ್ಟು ಚಿನ್ನ ಹಾಕಿಕೊಂಡು ಹೊರಗೆ ಯಾಕೆ ಬಂದಿರಿ?' ಕೊರಳಲ್ಲಿದ್ದರೂ ತಪ್ಪು, ಬ್ಯಾಗಿನಲ್ಲಿದ್ದರೂ ತಪ್ಪು. ಮನೆಯಲ್ಲಿಟ್ಟು ಬಂದು ಬೀಗ ಒಡೆದರೆ, 'ಬ್ಯಾಂಕ್ ಲಾಕರ್ ಇರಲಿಲ್ಲವೇ' ಎನ್ನುತ್ತಾರೆ. ಕದ್ದವನನ್ನು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕಳೆದುಕೊಂಡವರಿಗೇ ಕೇಳಿ ಮುಗಿಸುವ ಈ ಚಾಳಿ ನಮ್ಮಲ್ಲಿ ಠಾಣೆಗಷ್ಟೇ ಸೀಮಿತವಲ್ಲ. ಮದುವೆಮನೆಯಲ್ಲಿ ನೆಂಟರೂ ಅದನ್ನೇ ಕೇಳಿದರು.

ಈಗ ಕಾನೂನಿಗೆ ಬರೋಣ. ಸರಹದ್ದಿನ ಮಾತು ಇಂದು ನೆಪವೇ ಹೊರತು ಕಾರಣವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ: ಪೊಲೀಸರು ನೇರವಾಗಿ ತನಿಖೆಗೆ ಇಳಿಯಬಹುದಾದ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಜನ ಝೀರೋ ಎಫ್‌ಐಆರ್ ಎನ್ನುವುದು ಇದಕ್ಕೇ. ದಾಖಲಿಸಿಕೊಂಡು, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳುಹಿಸುವುದು ಅವರ ಕೆಲಸ. ದೂರನ್ನು ಆನ್‌ಲೈನ್ ಮೂಲಕವೂ ಕಳುಹಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಗೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಇದಕ್ಕೂ ಮೊದಲೇ, 2013ರ ನವೆಂಬರ್‌ನಲ್ಲಿ, ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇಂಥ ಅಪರಾಧ ಕಂಡುಬಂದರೆ ಎಫ್‌ಐಆರ್ ಕಡ್ಡಾಯ ಎಂದು ತೀರ್ಪು ಕೊಟ್ಟಿದೆ. ಬರೆಯಲಾರೆ ಎಂದರೆ ಅದೇ ದೂರನ್ನು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಿ. ಮೈಸೂರು ನಗರವಾದರೆ ಕಮಿಷನರ್ ಕಚೇರಿಗೆ ಕೊಡಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಒಂದು ಕೊಂಕಿದೆ. ಹೊಸ ಕಾನೂನಿನಲ್ಲಿ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡುವಂತಿಲ್ಲದ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಇದನ್ನು ಬರೆದವರು ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುವವರನ್ನು ಒಮ್ಮೆ ವಿಚಾರಿಸಬೇಕಿತ್ತು. ನಾಲ್ಕು ಸಾವಿರ ಎಂದರೆ ಅವರಿಗೆ ನಾಳೆಯ ಬಂಡವಾಳ. ಹಳೆಯ ಮೊಬೈಲಿಗೆ ಬೆಲೆ ಕಟ್ಟುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ. 'ಎರಡು ವರ್ಷ ಬಳಸಿದ ಫೋನ್ ತಾನೆ, ಮೂರು ಸಾವಿರವೂ ಬಾಳುವುದಿಲ್ಲ' ಎಂದು ರೈಟರ್ ಒಂದು ಮಾತು ಅಂದರೆ ಪ್ರಕರಣ ಅಲ್ಲಿಗೇ ಮುಗಿಯಿತು. ಖರೀದಿಯ ರಸೀದಿ ಇದ್ದರೆ ಜೊತೆಯಲ್ಲೇ ತೆಗೆದುಕೊಂಡು ಹೋಗಿ.

ಹಾಗಿದ್ದರೆ ಎಫ್‌ಐಆರ್ ಎಂದರೆ ಠಾಣೆಗೆ ಯಾಕಿಷ್ಟು ಅಲರ್ಜಿ? ಸೋಮಾರಿತನ ಎಂದು ನಾನು ಹೇಳುವುದಿಲ್ಲ. ಎಫ್‌ಐಆರ್ ಆಗಿ ಅದಕ್ಕೊಂದು ಅಪರಾಧ ಸಂಖ್ಯೆ ಬಿದ್ದರೆ ಮಹಜರು, ಹೇಳಿಕೆಗಳು, ಕೊನೆಗೆ ನ್ಯಾಯಾಲಯಕ್ಕೆ ವರದಿ, ಎಲ್ಲವೂ ಬೆನ್ನಿಗೆ ಬೀಳುತ್ತವೆ. ಕಳ್ಳ ಸಿಗದಿದ್ದರೆ ಪತ್ತೆಯಾಗದ ಪ್ರಕರಣವೆಂದು ಸಿ ರಿಪೋರ್ಟ್ ಹಾಕಬೇಕು. ಮೇಲಧಿಕಾರಿಗಳ ಸಭೆಯಲ್ಲಿ, 'ನಿಮ್ಮ ಠಾಣೆಯಲ್ಲಿ ಕಳವು ಯಾಕೆ ಹೆಚ್ಚಾಯಿತು, ಪತ್ತೆ ಯಾಕೆ ಕಡಿಮೆ' ಎಂದು ನಿಲ್ಲಿಸಿ ಕೇಳುತ್ತಾರೆ. ದಾಖಲಿಸಿದವನಿಗೆ ಬೈಗುಳ, ಅರ್ಜಿ ಇಸಿದುಕೊಂಡು ಹಿಂಬರಹ ಕೊಟ್ಟು ಕಳುಹಿಸಿದವನಿಗೆ ನೆಮ್ಮದಿ. ಯಾವ ಮನುಷ್ಯ ತಾನೆ ಬೈಗುಳ ಬಯಸುತ್ತಾನೆ? ದೇಶದ ಅಪರಾಧಗಳನ್ನು ಲೆಕ್ಕ ಹಾಕುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ: ಅಪರಾಧ ಹೆಚ್ಚುವುದು ಬೇರೆ, ಅಪರಾಧಗಳ ದಾಖಲಾತಿ ಹೆಚ್ಚುವುದು ಬೇರೆ. ಆದರೆ ನಮ್ಮ ಪತ್ರಿಕೆಗಳು, ವಿರೋಧ ಪಕ್ಷಗಳು, ಅಷ್ಟೇಕೆ ನನ್ನಂತೆ ಕ್ಯಾಮೆರಾ ಮುಂದೆ ಕೂರುವವರೆಲ್ಲ ಅಂಕಿ ಏರಿದ ಕೂಡಲೇ 'ಕಾನೂನು ಸುವ್ಯವಸ್ಥೆ ಕುಸಿತ' ಎಂದು ಕೂಗುತ್ತೇವೆ. ಪೊಲೀಸರು ಅಂಕಿಯನ್ನೇ ಬಾಗಿಲಲ್ಲಿ ತಡೆಯುತ್ತಾರೆ.

'ಬರೆದರೆ ಏನು ಬಂತು, ಸರ ಸಿಗುತ್ತದೆಯೇ' ಎಂದು ನೀವು ಕೇಳಬಹುದು. ಸಿಗದೇ ಇರಬಹುದು, ಕರಗಿಸಿದ ಚಿನ್ನಕ್ಕೆ ಗುರುತಿಲ್ಲ. ಆದರೆ ಕಳ್ಳರು ಸಿಕ್ಕಿಬೀಳುವ ರೀತಿ ನೋಡಿ. ಬಸ್ಸಿನ ಬಾಗಿಲಲ್ಲಿ ಕೈಚಳಕ ತೋರುವವರು ಒಂದೇ ಊರಿನಲ್ಲಿ ನಿಲ್ಲುವವರಲ್ಲ. ಇಲ್ಲಿ ಕದ್ದವರು ಇನ್ಯಾವುದೋ ಜಿಲ್ಲೆಯಲ್ಲಿ ಇನ್ಯಾವುದೋ ಪ್ರಕರಣದಲ್ಲಿ ಸಿಗುತ್ತಾರೆ, ವಿಚಾರಣೆಯಲ್ಲಿ ಹಳೆಯದನ್ನೆಲ್ಲ ಬಾಯಿ ಬಿಡುತ್ತಾರೆ, ಗಿರವಿ ಅಂಗಡಿಗಳಿಂದ ಮಾಲು ವಶವಾಗುತ್ತದೆ. ಆಮೇಲೆ ಪ್ರಾಪರ್ಟಿ ಪರೇಡ್ ನಡೆಯುತ್ತದೆ. ಪತ್ರಿಕೆಗಳಲ್ಲಿ ಆ ಫೋಟೊ ನೋಡಿರುತ್ತೀರಿ: ಉದ್ದನೆಯ ಮೇಜು, ಬಟ್ಟೆ ಹಾಸಿ ಜೋಡಿಸಿದ ಸರ, ಬಳೆ, ಉಂಗುರ, ಹಿಂದೆ ಕೈಕಟ್ಟಿ ನಿಂತ ಅಧಿಕಾರಿಗಳು. ಒಂದೊಂದು ವಸ್ತುವಿಗೂ ಒಂದೊಂದು ಪ್ರಕರಣದ ಲೆಕ್ಕವಿರುತ್ತದೆ: ಯಾವ ಠಾಣೆ, ಯಾವ ಅಪರಾಧ ಸಂಖ್ಯೆ. ಎಫ್‌ಐಆರ್ ಇದ್ದವರನ್ನು ಫೋನ್ ಮಾಡಿ ಕರೆಯುತ್ತಾರೆ. 'ಎಲ್ಲೋ ಬಿದ್ದುಹೋಗಿದೆ' ಎಂದು ಬರೆದುಕೊಟ್ಟವರ ಸರ ಅದೇ ಮೇಜಿನ ಮೇಲಿದ್ದರೂ ಅದಕ್ಕೆ ವಾರಸುದಾರರಿಲ್ಲ. ಸಿ ರಿಪೋರ್ಟ್ ಹಾಕಿದ ಪ್ರಕರಣವನ್ನು ಸುಳಿವು ಸಿಕ್ಕಾಗ ಮತ್ತೆ ತೆರೆಯಬಹುದು. ದಾಖಲೇ ಆಗದ್ದನ್ನು ತೆರೆಯುವುದು ಹೇಗೆ?

ಸಮಯದ ಮಾತೂ ಇದೆ. ನಿಲ್ದಾಣದ ಸಿಸಿಟಿವಿ ದೃಶ್ಯ ಶಾಶ್ವತವಲ್ಲ, ಕೆಲವು ದಿನಗಳಲ್ಲಿ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಚಿಕ್ಕಮ್ಮನ ಆ ಶೂನ್ಯ ದರದ ಟಿಕೆಟ್ಟಿನಲ್ಲಿ ಹತ್ತಿದ ಊರು, ದಿನ, ಗಂಟೆ, ನಿಮಿಷ ಎಲ್ಲವೂ ಅಚ್ಚಾಗಿದ್ದವು. ಆ ಹೊತ್ತಿನ ದೃಶ್ಯ ತೆಗೆಸಿ ನೋಡಲು ಅದಕ್ಕಿಂತ ಹೆಚ್ಚಿನ ಸುಳಿವು ಬೇಕೇ? ಟಿಕೆಟ್ಟನ್ನು ಮುಂದಿಟ್ಟಾಗ ರೈಟರ್ ಅದನ್ನು ತಿರುಗಿಸಿ ನೋಡಿ, ವಾಪಸು ಕೊಟ್ಟು, 'ಇಟ್ಟುಕೊಳ್ಳಿ' ಎಂದರು.

ಮೊಬೈಲಿನ ವಿಷಯದಲ್ಲಿ ಪರಿಸ್ಥಿತಿ ವಾಸಿ. ನಿಜವಾಗಿಯೂ ಎಲ್ಲೋ ಬಿಟ್ಟು ಬಂದಿದ್ದರೆ ಕಳೆದುಹೋದ ವಸ್ತುಗಳ ದೂರಿಗೆಂದೇ ಕರ್ನಾಟಕ ಪೊಲೀಸರು ಮಾಡಿರುವ ಆನ್‌ಲೈನ್ ಸೇವೆ ಇ-ಲಾಸ್ಟ್ ಸಾಕು, ಅದು ಇರುವುದೇ ಅದಕ್ಕೆ. ಜೊತೆಗೆ 2023ರ ಮೇ ತಿಂಗಳಿನಿಂದ ದೇಶದಾದ್ಯಂತ ಇರುವ, ಕಳೆದ ಅಥವಾ ಕಳುವಾದ ಫೋನುಗಳನ್ನು ತಡೆಹಿಡಿಯುವ ಸಿಇಐಆರ್ ವ್ಯವಸ್ಥೆಯಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಕೊಟ್ಟು ಫೋನನ್ನು ಬ್ಲಾಕ್ ಮಾಡಿಸಿ. ಬೇರೆ ಸಿಮ್ ಹಾಕಿದರೆ ಸುಳಿವು ಪೊಲೀಸರಿಗೆ ಹೋಗುತ್ತದೆ. ಹಾಗೆ ಪತ್ತೆಯಾದ ಫೋನುಗಳು ಮಾಲೀಕರ ಕೈಸೇರುತ್ತಲೂ ಇವೆ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿ ಆ ಸಂಖ್ಯೆಯನ್ನು ಇವತ್ತೇ ಒಂದು ಕಡೆ ಬರೆದಿಡಿ, ಫೋನಿನಲ್ಲೇ ಅಲ್ಲ.

ಪೇದೆಗಳ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆಷಾಢ ಶುಕ್ರವಾರ ಬಂತೆಂದರೆ ಚಾಮುಂಡಿ ಬೆಟ್ಟ, ದಸರಾ ಬಂತೆಂದರೆ ಬನ್ನಿಮಂಟಪದವರೆಗೆ ಬಂದೋಬಸ್ತ್, ಕಾವೇರಿ ಗಲಾಟೆ ಎದ್ದರೆ ಮಂಡ್ಯದ ಸಂಜಯ ವೃತ್ತದಲ್ಲಿ ಬಿಸಿಲು ಮಳೆಯೆನ್ನದೆ ನಿಲ್ಲಬೇಕು. ಇನ್ನು ಮೇಲುಕೋಟೆಯ ವೈರಮುಡಿ ಉತ್ಸವ, ದೇವರಿಗೆ ವಜ್ರದ ಕಿರೀಟ ತೊಡಿಸುವ ದಿನ. ಆ ಕಿರೀಟ ಮಂಡ್ಯದ ಖಜಾನೆಯಿಂದ ಹೊರಟು ಚೆಲುವನಾರಾಯಣಸ್ವಾಮಿಯ ತಲೆಯೇರುವವರೆಗೆ ಪೊಲೀಸರ ಕಣ್ಣು ಅತ್ತಿತ್ತ ಅಲುಗುವುದಿಲ್ಲ. ಮನಸ್ಸು ಮಾಡಿದರೆ ಒಡವೆ ಕಾಯುವುದು ಇವರಿಗೆ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಚಿಕ್ಕಮ್ಮನ ಎರಡೆಳೆ ಸರಕ್ಕೆ ಆ ಕಾವಲು ಕೊಡಿ ಎಂದು ನಾನೇನೂ ಕೇಳುತ್ತಿಲ್ಲ. ಒಂದು ಅಪರಾಧ ಸಂಖ್ಯೆ ಕೊಡಿ ಎನ್ನುತ್ತಿದ್ದೇನೆ.

ಮೈಸೂರಿನ ಕಮಿಷನರ್ ಅವರಿಗೂ ಎರಡೂ ಜಿಲ್ಲೆಗಳ ವರಿಷ್ಠಾಧಿಕಾರಿಗಳಿಗೂ ಒಂದೇ ಮನವಿ. ಮುಂದಿನ ಸಭೆಯಲ್ಲಿ ಠಾಣೆಯವರನ್ನು 'ಕಳವು ಎಷ್ಟು' ಎಂದು ಕೇಳುವ ಮೊದಲು, 'ಕಳೆದುಹೋಗಿದೆ ಎಂದು ಬರೆಸಿಕೊಂಡ ಅರ್ಜಿಗಳು ಎಷ್ಟು' ಎಂದು ಕೇಳಿ. ಆ ಅರ್ಜಿಗಳಲ್ಲಿ ನಾಲ್ಕನ್ನು ಆರಿಸಿ, ಅರ್ಜಿದಾರರಿಗೆ ನೀವೇ ಫೋನ್ ಮಾಡಿ. ಬಸ್ಸು ಹತ್ತುವಾಗ ಏನಾಯಿತು ಎಂದು ಅವರೇ ಹೇಳುತ್ತಾರೆ.