ಟಿವಿ ತೋರಿಸಿದ ಸಾವು, ತೋರಿಸದೆ ಬಿಟ್ಟ ಸಾವು

ನಮಸ್ಕಾರ. ಕರ್ನಾಟಕದಲ್ಲಿ ಟಿವಿ ಮೊದಲು ಎಲ್ಲಿಗೆ ಬಂತು ಅಂತ ಕೇಳಿದರೆ ಜಾಸ್ತಿ ಜನ ಬೆಂಗಳೂರು ಅನ್ನುತ್ತಾರೆ. ಅಲ್ಲ, ನಮ್ಮ ಕಲಬುರಗಿ ಕಡೆಗೆ ಬಂತು. 1975ರ ಆಗಸ್ಟ್‌ನಿಂದ ಒಂದು ವರ್ಷ ಸೈಟ್ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಒಂದು ಉಪಗ್ರಹವನ್ನು ಬಳಸಿಕೊಂಡು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಊರಿಗೊಂದು ಟಿವಿ ಇಟ್ಟರು. ಕರ್ನಾಟಕದ ಹಳ್ಳಿಗಳು ಗುಲ್ಬರ್ಗ, ರಾಯಚೂರು, ಬಿಜಾಪುರದ ಕಡೆಯವು. ಆಮೇಲೆ 1977ರಲ್ಲಿ ಗುಲ್ಬರ್ಗಕ್ಕೆ, ಅಂದರೆ ಈಗಿನ ಕಲಬುರಗಿಗೆ, ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್‌ನಲ್ಲಿ.

ಹಾಗಾಗಿ ನಮ್ಮ ಊರಿನ ನನ್ನ ವಯಸ್ಸಿನವರು ಟಿವಿ ಜೊತೆಗೇ ಬೆಳೆದವರು. ಟಿವಿ ನಮ್ಮ ಮನೆಯಲ್ಲಿ ಇರಲಿಲ್ಲ, ನಮ್ಮ ಓಣಿಯಲ್ಲಿತ್ತು. ಎದುರು ಮನೆಯ ಕಾಕಾ ಅವರದು. ಕಟ್ಟಿಗೆಯ ಪೆಟ್ಟಿಗೆ, ಮುಂದೆ ಎಳೆದು ಮುಚ್ಚುವ ಶಟರ್, ಅದಕ್ಕೆ ಬೀಗ. ಟಿವಿ ಇಟ್ಟುಕೊಳ್ಳೋಕೆ ಆಗ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಸಂಜೆಯಾದರೆ ನಾವೆಲ್ಲ ಅವರ ಪಡಸಾಲೆಯಲ್ಲಿ ನೆಲದ ಮೇಲೆ. ಹೆಂಗಸರು ಬಾಗಿಲ ಹತ್ತಿರ, ಗಂಡಸರು ಕಟ್ಟೆಯ ಮೇಲೆ. ಗಾಳಿ ಬಂದು ಆಂಟೆನಾ ತಿರುಗಿದರೆ ಯಾರಾದರೂ ಮಾಳಿಗೆ ಹತ್ತಬೇಕು. "ಬಂತೇನ್ರೋ?" "ಇನ್ನೂ ಇಲ್ರೀ, ಸ್ವಲ್ಪ ಬಲಕ್ಕ!"

ಇವತ್ತು ಹೇಳೋಕೆ ಹೊರಟಿರುವುದು ಆ ಪೆಟ್ಟಿಗೆಯ ಮುಂದೆ ಕೂತು ನಾವು ಸಾವಿನ ಬಗ್ಗೆ ಏನು ಕಲಿತೆವು ಅಂತ. ಏನು ಕಲಿಯಲಿಲ್ಲ ಅಂತಲೂ.

1984ರ ಅಕ್ಟೋಬರ್ 31, ಬುಧವಾರ. ಇಂದಿರಾ ಗಾಂಧಿ ಮೇಲೆ ಗುಂಡು ಹಾರಿದ್ದು ಬೆಳಿಗ್ಗೆ. ಹಾರಿಸಿದವರು ಅವರದೇ ಇಬ್ಬರು ಸಿಖ್ ಅಂಗರಕ್ಷಕರು. ಬಿಬಿಸಿ ರೇಡಿಯೊ ಸಾವಿನ ಸುದ್ದಿಯನ್ನು ಹಗಲೇ ಹೇಳಿಬಿಟ್ಟಿತ್ತು. ನಮ್ಮ ಆಕಾಶವಾಣಿ ಅಧಿಕೃತವಾಗಿ ಹೇಳಿದ್ದು ಸಂಜೆ. ಆ ಇಡೀ ದಿನ ಸುದ್ದಿ ಬಾಯಿಂದ ಬಾಯಿಗೆ ಓಡಾಡಿತು. ಶಾಲೆ ಮಧ್ಯದಲ್ಲೇ ಬಿಟ್ಟರು. ಕಿರಾಣಿ ಅಂಗಡಿಯವರು ಅರ್ಧ ಬಾಗಿಲು ಎಳೆದರು. ಅವ್ವ ಒಲೆ ಮುಂದೆ ಕೂತು, "ಇಂದಿರಮ್ಮನ್ನ ಹೊಡದಾರಂತ, ಉಳದಾಳೋ ಇಲ್ಲೋ ಗೊತ್ತಿಲ್ಲ" ಅಂದಳು. ಅವಳು ಅದನ್ನು ನೆಂಟರ ಸುದ್ದಿ ಹೇಳುವ ದನಿಯಲ್ಲೇ ಹೇಳಿದಳು. ಇಂದಿರಾ 1978ರಲ್ಲಿ ಚಿಕ್ಕಮಗಳೂರಿನಿಂದ ಗೆದ್ದವರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅವರು ಇಂದಿರಮ್ಮನೇ.

ಸಂಜೆ ಕಾಕಾ ಶಟರ್ ತೆರೆದರು. ಸಲ್ಮಾ ಸುಲ್ತಾನ್ ಸುದ್ದಿ ಓದಿದರು. ಹಿಂದಿ ಸುದ್ದಿ. ಗುಲ್ಬರ್ಗದಲ್ಲಿ ಉರ್ದು, ದಖನಿ ಎಲ್ಲರ ಕಿವಿಗೂ ಬಿದ್ದಿರುತ್ತಿತ್ತು, ಆದ್ದರಿಂದ ಮಕ್ಕಳಿಗೂ ಅಷ್ಟಿಷ್ಟು ತಿಳಿಯುತ್ತಿತ್ತು. ತಿಳಿಯದವರಿಗೆ ಕಾಕಾ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದರು. ಓದುವವರ ದನಿ ಎಲ್ಲೂ ಏರಲಿಲ್ಲ. ಮುಖದಲ್ಲಿ ದುಃಖ ಇತ್ತು, ಅದನ್ನು ತೋರಿಸಿಕೊಳ್ಳುವ ಆಸೆ ಇರಲಿಲ್ಲ. ಆಮೇಲೆ ಬರೀ ಸಾರಂಗಿ, ಶಹನಾಯಿ, ಭಜನೆ. ಮಾಮೂಲಿ ಕಾರ್ಯಕ್ರಮ ಒಂದೂ ಇಲ್ಲ.

ಮುಂದಿನ ಮೂರು ದಿನ ನಾವು ದಿಲ್ಲಿಯಲ್ಲೇ ಇದ್ದೆವು ಅನ್ನಬಹುದು. ತೀನ್ ಮೂರ್ತಿ ಭವನದಲ್ಲಿ ಪಾರ್ಥಿವ ಶರೀರ. ಸಾಲುಗಟ್ಟಿ ಬರುವ ಜನ. ಬಿಳಿ ಬಟ್ಟೆಯ ರಾಜೀವ್ ಗಾಂಧಿ, ಪಕ್ಕದಲ್ಲಿ ಮಕ್ಕಳು. ನವೆಂಬರ್ 3ರಂದು ಅಂತ್ಯಸಂಸ್ಕಾರ ನೇರ ಪ್ರಸಾರವಾಯಿತು. ಒಬ್ಬ ಮನುಷ್ಯನ ಚಿತೆಗೆ ಬೆಂಕಿ ಇಡುವುದನ್ನು ನಾನು ಮೊದಲು ಕಂಡದ್ದು ಅಲ್ಲಿ. ನಮ್ಮ ಮನೆತನದಲ್ಲಿ ಹೂಳುವ ಪದ್ಧತಿ. ಮಕ್ಕಳನ್ನು ಅಲ್ಲಿಗೂ ಕರೆದೊಯ್ಯುತ್ತಿರಲಿಲ್ಲ. ಟಿವಿ ಕರೆದುಕೊಂಡು ಹೋಯಿತು. ನನಗೆ ಭಯವಾಯಿತು. ಪಕ್ಕದಲ್ಲಿ ಆಯಿ, ಅಂದರೆ ಅಜ್ಜಿ, ಕೂತಿದ್ದಳು, ಅವಳ ಸೆರಗು ಹಿಡಿದುಕೊಂಡೆ. ಆಯಿ ಮೂಗು ಒರೆಸುತ್ತಲೇ, "ಅಂಜಬ್ಯಾಡ, ಮಗಾ ಅದಾನಲ್ಲ, ಮಗನ ಕೈಲೇ ಆಗಾಕತ್ತದ, ಪುಣ್ಯಾತಗಿತ್ತಿ" ಅಂದಳು. ಅಷ್ಟು ಸಾಕಾಯಿತು ನನಗೆ.

ಈ ಭಾಗವನ್ನು ನಾನು ಪೂರ್ತಿ ಮನಸ್ಸಿನಿಂದ ಸಮರ್ಥಿಸುತ್ತೇನೆ. ಕೆಟ್ಟ ಸುದ್ದಿಯ ಮುಂದೆ ಮಗು ಒಂಟಿಯಾಗಿ ಇರಲಿಲ್ಲ. ದೊಡ್ಡವರು ಅಳುವುದನ್ನು ನೋಡಿತು, ಅತ್ತ ಮೇಲೆ ಎದ್ದು ಅಕ್ಕಿ ಆರಿಸಲು ಕೂತದ್ದನ್ನೂ ನೋಡಿತು. ಸುದ್ದಿ ಓದುವವರು ಮಗುವನ್ನು ಬೆಚ್ಚಿಬೀಳಿಸಲು ನೋಡಲಿಲ್ಲ. ಟಿವಿಗೆ ಒಂದು ಹೊತ್ತು ಅಂತ ಇತ್ತು, ಹೊತ್ತು ಮುಗಿದರೆ ಶಟರ್ ಬೀಳುತ್ತಿತ್ತು.

ಆದರೆ ಇಲ್ಲಿಗೇ ನಿಲ್ಲಿಸಿ "ಆ ಕಾಲವೇ ಚೆಂದ" ಅಂತ ಹೇಳಿ ಹೋಗುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಯಾಕೆ ಗೊತ್ತಾ? ನಾವು ಆ ಪಡಸಾಲೆಯಲ್ಲಿ ಕೂತು ಅಳುತ್ತಿದ್ದ ಅದೇ ಮೂರು ದಿನ, ಅದೇ ದಿಲ್ಲಿಯಲ್ಲಿ, ತ್ರಿಲೋಕಪುರಿಯಂಥ ಬಡವರ ಬಡಾವಣೆಗಳಲ್ಲಿ, ಸಿಖ್ಖರನ್ನು ಮನೆಯಿಂದ ಎಳೆದು ಕೊಲ್ಲುತ್ತಿದ್ದರು. ಕೊರಳಿಗೆ ಟೈರ್ ಹಾಕಿ ಸುಡುತ್ತಿದ್ದರು. ಸರ್ಕಾರವೇ ಆಮೇಲೆ ಒಪ್ಪಿಕೊಂಡ ಲೆಕ್ಕದ ಪ್ರಕಾರ ದಿಲ್ಲಿಯೊಂದರಲ್ಲೇ 2733 ಜನ. ನಮ್ಮ ಟಿವಿಯಲ್ಲಿ ಕ್ಯಾಮೆರಾ ತೀನ್ ಮೂರ್ತಿ ಬಿಟ್ಟು ಆ ಕಡೆ ತಿರುಗಲಿಲ್ಲ. ಅಷ್ಟೇ ಆಗಿದ್ದರೂ ಒಂದು ಮಾತು. "ಖೂನ್ ಕಾ ಬದ್ಲಾ ಖೂನ್", ಅಂದರೆ ರಕ್ತಕ್ಕೆ ರಕ್ತವೇ ಸೇಡು, ಅಂತ ಹೊರಗೆ ಗುಂಪು ಕೂಗಿದ ಘೋಷಣೆ ನೇರ ಪ್ರಸಾರದಲ್ಲಿ ಹಾಗೇ ಹೋಯಿತು ಎಂಬ ಆರೋಪ ಆಮೇಲೆ ವರ್ಷಗಟ್ಟಲೆ ಕೇಳಿಬಂತು. ಸಾಯಿಸಿ ಅನ್ನುವ ಕೂಗಿಗೆ ಜಾಗ ಇತ್ತು. ಸತ್ತವರಿಗೆ ಜಾಗ ಇರಲಿಲ್ಲ.

ದೇಶದಲ್ಲಿ ಆಗ ಇದ್ದದ್ದು ಒಂದೇ ಟಿವಿ, ಅದು ಸರ್ಕಾರದ್ದು. ಆ ಶಾಂತ ದನಿ, ಆ ಸಾರಂಗಿ, ಎಲ್ಲ ಅಲ್ಲಿಂದಲೇ ಬಂದದ್ದು. ಈ ಮೌನ ಬಂದದ್ದೂ ಅಲ್ಲಿಂದಲೇ. ಒಂದನ್ನು ಹೊಗಳಿ ಇನ್ನೊಂದನ್ನು ಬಿಡೋಕೆ ಬರುವುದಿಲ್ಲ. ಇಂದಿರಮ್ಮನಿಗಾಗಿ ಅತ್ತ ನನ್ನ ಆಯಿ ತ್ರಿಲೋಕಪುರಿಯ ಹೆಂಗಸರಿಗಾಗಿಯೂ ಅಳುತ್ತಿದ್ದಳು, ನನಗೆ ಗ್ಯಾರಂಟಿ ಇದೆ. ಅವಳಿಗೆ ಯಾರೂ ಹೇಳಲಿಲ್ಲ.

ದಿಲ್ಲಿ ದೂರ, ಬಿಡಿ. ಬೀದರ್ ದೂರವೇನು? ಗುಲ್ಬರ್ಗದ ಪಕ್ಕದ ಜಿಲ್ಲೆ. ಗುರುನಾನಕರ ಹೆಸರಿನ ಝರಣಿ ಇದೆ ಅಲ್ಲಿ, ನಾನಕ್ ಝೀರಾ. ಆ ಗುರುದ್ವಾರಕ್ಕೆ ನಾವು ಚಿಕ್ಕವರಿದ್ದಾಗ ಹೋಗಿ ನೀರು ಕುಡಿದು, ಲಂಗರ್‌ನಲ್ಲಿ ಊಟ ಮಾಡಿ ಬಂದಿದ್ದೇವೆ. ಬಡಿಸುವವರು ಎಷ್ಟು ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕುತ್ತಿದ್ದರು. 1988ರ ಸೆಪ್ಟೆಂಬರ್‌ನಲ್ಲಿ ಅದೇ ಬೀದರಿನಲ್ಲಿ ಸಿಖ್ ವಿದ್ಯಾರ್ಥಿಗಳನ್ನು ಕೊಂದರು. ಓದಲು ಅಂತ ಅಷ್ಟು ದೂರದಿಂದ ಬಂದ ಹುಡುಗರು. ಆ ಹೊತ್ತಿಗೆ ನಮ್ಮ ಮನೆಗೂ ಟಿವಿ ಬಂದಿತ್ತು, ರಾಮಾಯಣ ಮುಗಿದಿತ್ತು. ಆ ಹುಡುಗರ ಸಾವನ್ನು ಟಿವಿಯಲ್ಲಿ ನೋಡಿದ ನೆನಪು ನನಗಿಲ್ಲ. ಬೀದರ್ ಬಸ್ಸಿನಿಂದ ಇಳಿದ ಯಾರೋ ಅಪ್ಪನಿಗೆ ಹೇಳುವುದನ್ನು ಕೇಳಿಸಿಕೊಂಡದ್ದು ನೆನಪಿದೆ. ಅಪ್ಪ ನನ್ನನ್ನು ನೋಡಿ ಮಾತು ನಿಲ್ಲಿಸಿದರು.

ಇಂದಿರಾ ಸಾವನ್ನು ನನಗೆ ಇಡೀ ಓಣಿ ಸೇರಿ ವಿವರಿಸಿತು. ಪಕ್ಕದ ಜಿಲ್ಲೆಯ ಹುಡುಗರ ಸಾವನ್ನು ಯಾರೂ ವಿವರಿಸಲಿಲ್ಲ. ಟಿವಿ ಯಾವುದನ್ನು ದುಃಖ ಅಂತ ಹೇಳುತ್ತದೋ ಅದೇ ದುಃಖ ಅಂತ ಒಂದು ತಲೆಮಾರಿನ ಮಕ್ಕಳು ತಿಳಿದುಕೊಂಡುಬಿಟ್ಟೆವು.

ಎಲ್ಲ ದುಃಖವೂ ಟಿವಿಯಿಂದಲೇ ಬರಬೇಕು ಅಂತೇನಿಲ್ಲ, ಅದೂ ನಿಜ. ಶಂಕರ್‌ನಾಗ್ ನೆನಪಿಸಿಕೊಳ್ಳಿ. ಆಗುಂಬೆಯಲ್ಲಿ ಮಾಲ್ಗುಡಿ ಡೇಸ್ ಮಾಡಿ, ನಮ್ಮ ಮಲೆನಾಡಿನ ಕಟ್ಟೆ, ಅಂಗಳವನ್ನು ಇಡೀ ದೇಶಕ್ಕೆ ತೋರಿಸಿದ ಮನುಷ್ಯ. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತ. ಮೂವತ್ತೈದು ವಯಸ್ಸು. ಆ ಸುದ್ದಿ ನಮಗೆ ಬಂದದ್ದು ಬಸ್ ಸ್ಟ್ಯಾಂಡಿನಿಂದ, ಹೆದ್ದಾರಿಯಲ್ಲಿ ಬಂದ ಚಾಲಕರ ಬಾಯಿಂದ. ಆಮೇಲೆ ಆ ದುಃಖವನ್ನು ಇಟ್ಟುಕೊಂಡವರು ಆಟೋದವರು. ಇವತ್ತಿಗೂ ಆಟೋ ಹಿಂದೆ ಅವರ ಫೋಟೋ ಇದೆ. ಯಾವ ಚಾನೆಲ್ಲೂ ಹೇಳಿ ಮಾಡಿಸಿದ್ದಲ್ಲ ಅದು.

ಈಗಿನದಕ್ಕೆ ಬರೋಣ. 2021ರ ಅಕ್ಟೋಬರ್ 29, ಪುನೀತ್ ರಾಜ್‌ಕುಮಾರ್ ಹೋದ ದಿನ. ಕಂಠೀರವ ಕ್ರೀಡಾಂಗಣದ ಜನಸಾಗರ ನೀವೆಲ್ಲ ನೋಡಿದ್ದೀರಿ. ಆ ದುಃಖ ಅಪ್ಪಟ. ನನಗೆ ಕೋಪ ಬಂದದ್ದು ಬೇರೆಯದಕ್ಕೆ. ಅಳುವವರ ಮುಖದ ಹತ್ತಿರ ಮೈಕು, ಅದೇ ದೃಶ್ಯ ಸ್ಲೋ ಮೋಷನ್‌ನಲ್ಲಿ ಮತ್ತೆ ಮತ್ತೆ, ಅದರ ಕೆಳಗೆ ಸಿನಿಮಾ ಸಂಗೀತ. ಈಗ ಯಾವ ಸಾವು ಬಂದರೂ ಇದೇ ನಡೆಯುತ್ತದೆ. ಫೋನಿನಲ್ಲಂತೂ ಅಪಘಾತದ ಸಿಸಿಟಿವಿ ದೃಶ್ಯ ಹತ್ತು ವರ್ಷದ ಮಗುವಿನ ಕೈಗೇ ಬರುತ್ತದೆ. ಮಗು ಮಂಚದ ಮೂಲೆಯಲ್ಲಿ, ಕಿವಿಗೆ ಇಯರ್‌ಫೋನ್. ಅದು ಏನು ನೋಡಿತು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಆಗ ಒಂದು ಸಾವನ್ನು ತೋರಿಸಿ ಸಾವಿರ ಸಾವು ಮುಚ್ಚಿಟ್ಟರು. ಈಗ ಎಲ್ಲ ತೋರಿಸುತ್ತಾರೆ, ಯಾವುದೂ ಮನಸ್ಸಿಗೆ ಇಳಿಯುವಷ್ಟು ಹೊತ್ತು ನಿಲ್ಲುವುದಿಲ್ಲ. ಎರಡರಲ್ಲೂ ಸತ್ತವರ ಕಡೆಯಿಂದ ಯೋಚಿಸಿದವರು ಕಡಿಮೆ.

ಚಾನೆಲ್‌ನಲ್ಲಿ ಕೆಲಸ ಮಾಡುವ ಗೆಳೆಯರು ಇದನ್ನು ಕೇಳುತ್ತಿದ್ದರೆ ಒಂದು ಕೋರಿಕೆ. ಸಾವಿನ ಸುದ್ದಿಯ ಕೆಳಗಿನ ಸಂಗೀತ ತೆಗೆದುಬಿಡಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ದುಡ್ಡೂ ಖರ್ಚಾಗುವುದಿಲ್ಲ. ಮನೆಯವರು ಅಳುವಾಗ ಮೈಕು ಹಿಂದಕ್ಕೆ ತಗೊಳ್ಳಿ.

ಅಪ್ಪ ಅಮ್ಮಂದಿರಿಗೆ ಹೇಳಬೇಕಾದದ್ದು ಜಾಸ್ತಿ ಇದೆ. ಸುದ್ದಿ ಬಂದ ತಕ್ಷಣ ರಿಮೋಟ್ ಕಿತ್ತುಕೊಂಡರೆ ಮಗು ಫೋನಿನಲ್ಲಿ ನೋಡುತ್ತದೆ, ಒಬ್ಬನೇ ನೋಡುತ್ತದೆ. ಪಕ್ಕದಲ್ಲಿ ಕೂತುಕೊಳ್ಳಿ. ಅಳು ಬಂದರೆ ಅತ್ತುಬಿಡಿ, ಮಗು ನೋಡಲಿ. ಯಾರು ಸತ್ತರು, ಹೇಗೆ, ಅವರ ಮನೆಯಲ್ಲಿ ಯಾರಿದ್ದಾರೆ ಅಂತ ಸರಳವಾಗಿ ಹೇಳಿ. ಅದರ ಜೊತೆಗೆ ಪರದೆ ಮೇಲೆ ಬಾರದವರ ಬಗ್ಗೆಯೂ ಹೇಳಿ. ಇವತ್ತು ಒಬ್ಬ ದೊಡ್ಡ ಮನುಷ್ಯ ತೀರಿಕೊಂಡ ದಿನವೇ ನಮ್ಮೂರ ಮ್ಯಾನ್‌ಹೋಲ್‌ನಲ್ಲಿ ಇಳಿದು ಸತ್ತವನೂ ಇರಬಹುದು. ಅವನ ಹೆಸರೂ ಮನೆಯಲ್ಲಿ ಒಮ್ಮೆ ಕೇಳಿಬರಲಿ.

ಇನ್ನು 1988ರಲ್ಲಿ ಬೀದರಿನಲ್ಲಿ ಇದ್ದವರು, ಆ ಹುಡುಗರ ಜೊತೆ ಓದಿದವರು, ಅವರಿಗೆ ಬಾಡಿಗೆಗೆ ಕೋಣೆ ಕೊಟ್ಟವರು, ಅವರನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡವರು ಯಾರಾದರೂ ಇದ್ದರೆ, ಈಗ ನಿಮಗೆ ವಯಸ್ಸಾಗಿರುತ್ತದೆ. ನಿಮ್ಮ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದನ್ನು ಹೇಳಿ. ಅವರು ಕೇಳುವ ವಯಸ್ಸಿನಲ್ಲಿದ್ದಾರೆ. ನನಗೂ ಹೇಳಿದರೆ ಬಂದು ಕೂತು ಕೇಳುತ್ತೇನೆ.