ಅವ್ವನಿಗೆ ಮೂರು ಮಾತ್ರೆ

ಕೇಳುಗರಿಗೆ ನಮಸ್ಕಾರ. ನಾನು ಆರು ಸಾಲುಗಳ ಭಾಮಿನಿ ಷಟ್ಪದಿಯಲ್ಲಿ ಪದ್ಯ ಬರೆಯುತ್ತೇನೆ ಎಂದಾಗ, 'ನಿನ್ನ ಮನೆಯ ಮಾತು ಹೇಳಲು ಕುಮಾರವ್ಯಾಸನ ಛಂದಸ್ಸು ಏಕೆ?' ಎಂದು ಪುಣೆಯ ಕನ್ನಡ ಗೆಳತಿಯರು ನಗುತ್ತಾರೆ. ಮಹಾಭಾರತದ ಯುದ್ಧವನ್ನು ಹೊತ್ತ ಆ ನಡೆ ಒಬ್ಬ ಹೆಣ್ಣುಮಗಳ ತಾಯಿಯ ನೆನಪನ್ನೂ ಹೊತ್ತೀತೇ ಎಂಬ ಅನುಮಾನ ನನಗೂ ಇತ್ತು.

ಲೆಕ್ಕವೇನೋ ಸರಳ. ಮಾತ್ರೆ ಎಂದರೆ ಉಚ್ಚಾರಣೆಯ ಕಾಲದ ಅಳತೆ: ಹ್ರಸ್ವಾಕ್ಷರಕ್ಕೆ ಒಂದು, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು, ಎಂದರೆ ಗುಂಪುಗಳು, ಒಂದರ ಹಿಂದೆ ಒಂದು ಬರುತ್ತವೆ. 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೆಯ ಸಾಲುಗಳಿಗೆ ಕೊನೆಯ ಗುರುವೂ (ಎರಡು ಮಾತ್ರೆಯ ಅಕ್ಷರ) ಸೇರಿ 23, ಒಟ್ಟು 102. ಇದರ ಮೇಲೆ ಆದಿಪ್ರಾಸ: ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಮರಳಿ ಬರಬೇಕು. ನನ್ನನ್ನು ಕಾಡಿದ್ದು ಈ ಪ್ರಾಸವೇ.

ನಮ್ಮ ವಿಜಯಪುರದ ಕಡೆ ತಾಯಿಯನ್ನು ಅವ್ವ ಎನ್ನುತ್ತೇವೆ. ಅಮ್ಮ, ಅವ್ವ, ತಾಯಿ, ಮೂರಕ್ಕೂ ಮೂರು ಮೂರೇ ಮಾತ್ರೆ. ಛಂದಸ್ಸು ಯಾರನ್ನೂ ಬೇಡವೆನ್ನುವುದಿಲ್ಲ. ಆದರೆ ಪದ್ಯವನ್ನು 'ಅಮ್ಮ' ಎಂದು ಎತ್ತಿಕೊಂಡರೆ ಒಮ್ಮೆ, ಸುಮ್ಮನೆ, ಹೆಮ್ಮೆ, ನಮ್ಮ ಎಂದು ಪ್ರಾಸಗಳು ಸಾಲುಗಟ್ಟುತ್ತವೆ, 'ಅವ್ವ' ಎಂದು ಎತ್ತಿಕೊಂಡರೆ ಎರಡನೆಯ ಸಾಲಿಗೇ ಬುಟ್ಟಿ ಬರಿದು. ಸೋತು 'ಅಮ್ಮ' ಎಂದೇ ಬರೆದೆ. ಓದಿಕೊಂಡಾಗ ಅವಳು ಬೇರೆ ಯಾರದೋ ತಾಯಿಯಾಗಿದ್ದಳು. ಸೆರಗಿಗೆ ಜೋಳದ ಹಿಟ್ಟಿನ ವಾಸನೆಯೇ ಇರಲಿಲ್ಲ. ಕೊನೆಗೆ ಅವ್ವನನ್ನು ಪ್ರಾಸದ ಜಾಗದಿಂದ ಒಳಕ್ಕೆ ಸರಿಸಿ, ಸಂಧಿಯ ಆಸರೆಯಲ್ಲಿ ನಿಲ್ಲಿಸಿದೆ:

ಮಳೆಯೊಳವ್ವನ ಸೆರಗು ನೆನೆದರು
ಮೊಳದ ಕೂಸಿನ ನೆತ್ತಿ ಬೆಚ್ಚಗೆ

ನಿಜ ಹೇಳಬೇಕೆಂದರೆ, ಮಳೆಯನ್ನು ತರಬೇಕೆಂದು ನಾನು ಮೊದಲು ಎಣಿಸಿರಲಿಲ್ಲ. ಅವ್ವನಿಗೆ ಜಾಗ ಹುಡುಕುವಾಗ ಅದು ಬಂತು, ಅದರ ಬೆನ್ನಿಗೇ ಹೊಲದಿಂದ ತಮ್ಮನನ್ನು ಎತ್ತಿಕೊಂಡು ಅವ್ವ ಓಡಿಬಂದ ಸಂಜೆಯೂ ಬಂತು. 'ಪುಟ್ಟ ಕೂಸು' ಎಂದು ಯಾರು ಬೇಕಾದರೂ ಬರೆದಾರು. ಹೂವಿನ ಮಾಲೆಯಂತೆ ಕೂಸನ್ನು ಮೊಳದಲ್ಲಿ ಅಳೆಯಲು ಕಲಿಸಿದ್ದು ಪ್ರಾಸದ ಳಕಾರ.

ಭಕ್ತಿಯ ಪದ್ಯದ ತೊಡಕು ಬೇರೆಯದು. ಆಳಂದಿಯಿಂದ ಸಂತ ಜ್ಞಾನೇಶ್ವರರ ಪಾಲಖಿ (ಪಲ್ಲಕ್ಕಿಯ ಯಾತ್ರೆ), ದೇಹುವಿನಿಂದ ಸಂತ ತುಕಾರಾಮರ ಪಾಲಖಿ, ಎರಡೂ ವಿಠ್ಠಲನ ಪಂಢರಪುರದ ದಾರಿಯಲ್ಲಿ ಪುಣೆಯಲ್ಲಿ ತಂಗುತ್ತವೆ. ಜ್ಞಾನೇಶ್ವರರ ಅಭಂಗದಲ್ಲಿ, ಎಂದರೆ ಮರಾಠಿ ಭಕ್ತಿಗೀತೆಯಲ್ಲಿ, ವಿಠ್ಠಲ 'ಕಾನಡಾ' (ಕನ್ನಡದವನು) ಆಗಿರುವುದರಿಂದ ನನಗೂ ಅವನಲ್ಲಿ ತುಸು ಸಲಿಗೆ. ಆ ಸಲಿಗೆಯಲ್ಲಿ 'ಕರುಣಸಾಗರ' ಎಂದು ಬರೆದೆ. ಮೂರು, ನಾಲ್ಕು: ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಅಷ್ಟು ಸಲೀಸಾಗಿ ಕೂತದ್ದೇ ಸಂಶಯಕ್ಕೆ ಕಾರಣವಾಯಿತು. ಇಂಥ ಸಿದ್ಧ ವಿಶೇಷಣಗಳು ನಾವು ದೇವರನ್ನು ನೆನೆಯುವ ಮೊದಲೇ ಸಾಲನ್ನು ತುಂಬಿಬಿಡುತ್ತವೆ. ಅದನ್ನು ಹೊಡೆದುಹಾಕಿ, ಪಾಲಖಿ ಬಂದ ದಿನ ಕಂಡದ್ದೇನೆಂದು ಯೋಚಿಸಿದೆ. ತಲೆಯ ಮೇಲೆ ತುಳಸಿ ವೃಂದಾವನ ಹೊತ್ತ ಮುದುಕಿಯೊಬ್ಬಳು ನನ್ನ ಮುಂದೆಯೇ ಹಾದುಹೋಗಿದ್ದಳು. ಅವಳ ಹಿಮ್ಮಡಿಯ ಬಿರುಕುಗಳಲ್ಲಿ ದಾರಿಯ ಕೆಸರು ತುಂಬಿತ್ತು. 'ಕೆಸರು ಮೆತ್ತಿದ' ಎಂದು ಬರೆದೆ. ಅದಕ್ಕೂ ಏಳೇ ಮಾತ್ರೆ. ಆ ಪದ್ಯ ಇನ್ನೂ ನಾಲ್ಕನೆಯ ಸಾಲಿನಲ್ಲೇ ನಿಂತಿದೆ. ನಮಸ್ಕಾರ.