100 ರಬ್ಬರ್, 25 ದಿನ

ಕೇಳುಗರೆಲ್ಲರಿಗೂ ನಮಸ್ಕಾರ್ರಿ. ನಾನು ಕೊಪ್ಪಳದಾಕಿ, ಒಂಬತ್ತನೇ ಕ್ಲಾಸ್ ಓದೋ ಮಗಳ ಹಲ್ಲಿಗೆ ಕ್ಲಿಪ್ ಹಾಕ್ಸಿದ ತಾಯಿ. ಕ್ಲಿಪ್ ಹಾಕ್ಸೋಕಿಂತ ಮೊದ್ಲು ನಾವೆಲ್ಲ ದುಡ್ಡಿನ ಲೆಕ್ಕ ಹಾಕ್ತೀವಿ, ಎಷ್ಟು ವರ್ಷ ಹಿಡೀತದ ಅಂತ ಕೇಳ್ತೀವಿ, ಹಲ್ಲು ಕೀಳ್ತಾರೇನು ಅಂತ ಅಂಜ್ತೀವಿ, ಆದ್ರ ನಡುವ ಬರೋ ಆ ಸಣ್ಣ ರಬ್ಬರ್ ಬ್ಯಾಂಡಿನ ಬಗ್ಗೆ ನನಗಂತೂ ಯಾರೂ ಏನೂ ಹೇಳಿರ್ಲಿಲ್ಲ, ಅದಕ್ಕ ಇವತ್ತು ಅದರದೇ ಮಾತು.

ನನ್ನ ಮಗಳ ಮ್ಯಾಲಿನ ಹಲ್ಲು ಮುಂದ ಬಂದಿದ್ವು. ತಂತಿ ಹಾಕಿದ ಕೆಲವು ತಿಂಗಳಿಗೆ ಹಲ್ಲು ಸಾಲಿಗೆ ಬಂದ್ವು, ನಾನು ಮುಗೀತು ಅಂದ್ಕೊಂಡೆ. ಡಾಕ್ಟ್ರು ಹೇಳಿದ್ರು, ಮ್ಯಾಲಿನ ತಂತಿ ಮ್ಯಾಲಿನ ಸಾಲಿಗೆ, ಕೆಳಗಿನ ತಂತಿ ಕೆಳಗಿನ ಸಾಲಿಗೆ, ಎರಡೂ ಸಾಲು ಒಂದಕ್ಕೊಂದು ಸರಿಯಾಗಿ ಕೂಡಬೇಕಂದ್ರ ಅವನ್ನ ಎಳೆಯಾಕ ರಬ್ಬರ್ ಬೇಕು ಅಂತ. ಮ್ಯಾಲಿನ ಕೋರೆಹಲ್ಲಿನ ಹುಕ್ಕಿನಿಂದ ಕೆಳಗ ಹಿಂದಿನ ದವಡಿಹಲ್ಲಿನ ಹುಕ್ಕಿಗೆ, ಎರಡೂ ಕಡೆ ಒಂದೊಂದು. ಚೀಟಿ ಮ್ಯಾಲ ಕ್ಲಾಸ್ ಟು ಅಂತ ಬರೆದಿದ್ರು, ಅಂದ್ರ ಕೆಳಗಿನ ಸಾಲಿಗಿಂತ ಮ್ಯಾಲಿನ ಸಾಲು ಮುಂದ ಇರೋದು. ಅಮೆರಿಕದ ಎಡ್ವರ್ಡ್ ಆಂಗಲ್ ಅನ್ನೋ ಡಾಕ್ಟ್ರು 1899ರಾಗ ಹಲ್ಲಿನ ಕೂಡಿಕೆನ ಮೂರು ಕ್ಲಾಸ್ ಮಾಡಿಟ್ರಂತ, ಇವತ್ತಿಗೂ ಅದೇ ಲೆಕ್ಕ ನಡೀತದ. ಕೆಳಗಿನ ಹಲ್ಲು ಮುಂದ ಇದ್ದವ್ರಿಗೆ ರಬ್ಬರ್ ಸಾಮಾನ್ಯವಾಗಿ ಇದಕ್ಕ ಉಲ್ಟಾ ಬರ್ತದ, ಮ್ಯಾಲ ಹಿಂದಿನ ಹಲ್ಲಿಗೆ, ಕೆಳಗ ಕೋರೆಹಲ್ಲಿಗೆ. ಅದಕ್ಕ ಗೆಳತಿ ಹಾಕ್ಕೊಂಡಾಳ ಅಂತ ಹಂಗ ನೋಡಿ ಹಾಕ್ಕೊಳ್ಳೋದು ಬ್ಯಾಡ್ರಿ.

ರಬ್ಬರ್ ಪಾಕೀಟಿನ ಮ್ಯಾಲ ಅಳತಿ ಗುರುತಿಗೆ ನರಿ ಚಿತ್ರ ಇತ್ತು. ಅಳತಿ ಕಾಲು ಇಂಚು, ಎಳೆಯೋ ಜೋರು ಔನ್ಸಿನ ಲೆಕ್ಕದಾಗ. ದಿನಕ್ಕ 20ರಿಂದ 22 ತಾಸು ಬಾಯಾಗ ಇರಬೇಕು, ಊಟಕ್ಕ ಮತ್ತ ಹಲ್ಲು ತಿಕ್ಕಾಕ ಅಷ್ಟೇ ತೆಗೀಬೇಕು, ಮುಂಜಾನೆ ರಾತ್ರಿ ಹೊಸದು ಹಾಕ್ಬೇಕು, ಯಾಕಂದ್ರ ರಬ್ಬರ್ ಬಾಯಾಗ ಕೆಲವು ತಾಸಿನ್ಯಾಗ ಸಡಿಲ ಆಗ್ತದ, ಹರಿದಿಲ್ಲಲ್ಲ ಅಂತ ಅದನ್ನೇ ಮೂರು ದಿನ ಇಟ್ಕೊಂಡ್ರ ಅದು ಬರೇ ಜೋತಾಡ್ತದ, ಎಳೆಯಂಗಿಲ್ಲ.

ಹೋದ ವರ್ಷ ಗವಿಮಠದ ಜಾತ್ರಿ ಬಂತು. ಕೊಪ್ಪಳದವ್ರಿಗೆ ಜಾತ್ರಿ ಅಂದ್ರ ಗೊತ್ತಲ್ರಿ, ಮನಿ ತುಂಬ ಬೀಗರು, ಊರೂರಿಂದ ರೊಟ್ಟಿ ಚಕ್ಕಡಿ, ದಾಸೋಹದಾಗ ಮಾದ್ಲಿ, ಬಿಸಿ ಮಿರ್ಚಿ. ಮಗಳು ಊಟಕ್ಕ ಅಂತ ರಬ್ಬರ್ ತೆಗೆದ್ಲು, ಸಂಜಿಗೆ ಮತ್ತೇನೋ ತಿನ್ನೋದದ ಅಂತ ಹಾಕ್ಲಿಲ್ಲ, ಮರುದಿನ ಅಕ್ಕತಂಗೇರು ಬಂದ್ರು ಮಾತಾಡಾಕ ತೊಡಕು ಅಂತ ಹಾಕ್ಲಿಲ್ಲ, ಹಿಂಗ ದಿನ ಉರುಳಿದ್ವು. ನಾನು ದಿನಾ ಕೇಳ್ತಿದ್ದೆ, ಹಾಕೀಯೇನವ್ವ? ಹೂಂ ಅಂತಿದ್ಲು. ತಿಂಗಳಿಗೆ ಹೋದಾಗ ಡಾಕ್ಟ್ರು ಸಣ್ಣ ಸ್ಕೇಲ್ ಇಟ್ಟು ಅಳೆದ್ರು, ಮುಂದಿನ ಮ್ಯಾಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವ ಹಿಂದಿನ ಸಲ 5 ಮಿಲಿಮೀಟರ್ ಇದ್ದ ಅಂತರ ಅಲ್ಲೇ ನಿಂತಿತ್ತು. ಅವ್ರು ಬೈಲಿಲ್ಲ. ಪಾಕೀಟು ತಂದೀಯೇನು ಅಂತ ಅಷ್ಟೇ ಕೇಳಿದ್ರು. ಒಂದು ಪಾಕೀಟಿಗೆ 100 ರಬ್ಬರ್, ದಿನಕ್ಕ ನಾಲ್ಕು, 25 ದಿನಕ್ಕ ಖಾಲಿ ಆಗ್ಬೇಕು. ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಮಗಳ ಕಣ್ಣಾಗ ನೀರು ಬಂತು, ನನಗೂ ಸಂಕಟ ಆತು, ಹಾಕೀಯೇನು ಅಂತ ಕೇಳಿದ್ದೇ ಬಂತು, ಒಂದು ಸಲಾನೂ ಬಾಯಿ ತೆಗಿಸಿ ನೋಡಿರ್ಲಿಲ್ಲ ನಾನು.

ಡಾಕ್ಟ್ರು ಅವತ್ತು ಕುಂದ್ರಿಸಿ ತಿಳಿಸಿ ಹೇಳಿದ್ರು. ಹಲ್ಲು ಎಲುಬಿನಾಗ ಮೊಳಿ ಹೊಡೆದಂಗ ಇರಂಗಿಲ್ಲ, ಹಲ್ಲಿನ ಬೇರಿಗೂ ಎಲುಬಿಗೂ ನಡುವ ನಾರಿನಂಥ ತೆಳು ಪದರ ಅದ. ಒಂದೇ ಸಮನೆ ಮೆಲ್ಲಕ ಎಳೆದ್ರ ಒತ್ತಿದ ಕಡೆ ಎಲುಬು ಕರಗ್ತದ, ಎಳೆದ ಕಡೆ ಹೊಸ ಎಲುಬು ಕಟ್ತದ, ಹಲ್ಲು ಸರೀತದ. ಎರಡು ದಿನ ಹಾಕಿ ಮೂರು ದಿನ ಬಿಟ್ರ ಆ ಕೆಲಸ ಶುರುವಾಗೋದ್ರಾಗ ನಿಲ್ತದ. ಮತ್ತ ಹಾಕಿದಾಗ ಮತ್ತ ಮೊದಲಿನ ನೋವು. ನನ್ನ ಮಗಳು ನೋವು ಅಂತ ಬಿಡ್ತಿದ್ಲು, ಬಿಟ್ಟದ್ದಕ್ಕೇ ನೋವು ಪ್ರತಿ ಸಲ ಹೊಸದಾಗಿ ಬರ್ತಿತ್ತು! ಬಿಡದ ಹಾಕಿದ್ರ ಮೂರ್ನಾಲ್ಕು ದಿನಕ್ಕ ಸುಮಾರಾಗಿ ಒಗ್ಗಿ ಹೋಗ್ತದ. ಇನ್ನೊಂದು, ಬಿಟ್ಟ ದಿನಗಳದ್ದು ತುಂಬಿಸ್ತೀನಿ ಅಂತ ಒಂದರ ಮ್ಯಾಲ ಎರಡು ರಬ್ಬರ್ ಹಾಕಬ್ಯಾಡ್ರಿ, ಜೋರು ಜಾಸ್ತಿ ಆದ್ರ ಹಲ್ಲಿನ ಬೇರಿಗೇ ಪೆಟ್ಟು.

ಇದಕ್ಕಿಂತ ಅಂಜಿಕಿ ಆಗೋ ಮಾತೊಂದು. ಮೊಬೈಲ್‌ನಾಗ ಯಾರೋ ತೋರಿಸ್ತಾರ, ಮುಂದಿನ ಎರಡು ಹಲ್ಲಿನ ಸಂದಿ ಮುಚ್ಚಾಕ ಮನ್ಯಾಗಿನ ರಬ್ಬರ್ ಸುತ್ತಿದ್ರ ಸಾಕು ಅಂತ. ದಯವಿಟ್ಟು ಬ್ಯಾಡ. ಹಲ್ಲಿನ ಬೇರು ತುದಿಗೆ ಹೋದಂಗ ಸಣ್ಣ ಆಗ್ತದ, ರಬ್ಬರ್ ಜಾರಿ ವಸಡಿನೊಳಗ ಸೇರ್ತದ, ಹೊರಗ ಕಾಣಂಗೂ ಇಲ್ಲ, ಒಳಗ ಎಲುಬು ತಿಂದು ಗಟ್ಟಿ ಹಲ್ಲೇ ಉದುರಿದ್ದು ಅದ. ಹುಕ್ಕಿಗೆ ಹಾಕೋ ರಬ್ಬರ್ ಬ್ಯಾರೆ, ಇದು ಬ್ಯಾರೆ.

ನಮ್ಮ ಕಡೆ ಬಿಸಿಲಿನ ವಿಚಾರಾನೂ ಅದ. ಬ್ಯಾಸಿಗಿಯಾಗ 40 ಡಿಗ್ರಿ ದಾಟ್ತದ, ಪಾಕೀಟು ಸ್ಕೂಟಿ ಡಿಕ್ಕಿಯಾಗೋ ಕಿಟಕಿ ಮ್ಯಾಲೋ ಇಟ್ರ ರಬ್ಬರ್ ಸತ್ವ ಕಳ್ಕೋತದ, ನೆರಳಿನ ತಂಪು ಜಾಗದಾಗ ಇಡ್ರಿ. ಖಡಕ್ ರೊಟ್ಟಿ, ಶೇಂಗಾ ಚಿಕ್ಕಿ, ಕಬ್ಬು ಕಡಿದ್ರ ಹುಕ್ಕೇ ಕಿತ್ತು ಬರ್ತದ, ಹುಕ್ಕಿಲ್ಲಂದ್ರ ರಬ್ಬರ್ ಎಲ್ಲಿಗೆ ಹಾಕೋದು? ರೊಟ್ಟಿ ಬ್ಯಾಳಿಯಾಗ ನೆನೆಸಿ ತಿನ್ನಲಿ. ಬಾಯಾಗ ತುರಿಕಿ, ತುಟಿ ಬಾವು ಬಂದ್ರ ಲ್ಯಾಟೆಕ್ಸ್, ಅಂದ್ರ ರಬ್ಬರ್ ಗಿಡದ ಹಾಲಿನ ಅಲರ್ಜಿ ಇರಬಹುದು, ತೆಗೆದು ಡಾಕ್ಟ್ರಿಗೆ ತೋರಿಸ್ರಿ, ಲ್ಯಾಟೆಕ್ಸ್ ಇಲ್ಲದ ರಬ್ಬರ್ ಸಿಗ್ತಾವ.

ನಾವು ಆಮ್ಯಾಲ ಮಾಡಿದ್ದು ಇಷ್ಟೇ, ಕಂಪಾಸ್ ಬಾಕ್ಸಿನಾಗ ಒಂದು ಪುಡಿಕಿ, ದಿಂಬಿನ ಹತ್ರ ಒಂದು, ನನ್ನ ಪರ್ಸಿನಾಗ ಒಂದು. ಆಕಳಿಸಿದಾಗ ಪಟ್ ಅಂತ ಹರಿದ್ರ ಅಲ್ಲೇ ಹೊಸದು. ಹಾಕೀಯೇನು ಅಂತ ಕೇಳೋದು ಬಿಟ್ಟೆ, ರಾತ್ರಿ ಇಬ್ರೂ ಕೂಡಿ ಪಾಕೀಟಿನಾಗ ಉಳಿದದ್ದು ಎಣಿಸ್ತಿದ್ವಿ. ಏಳು ತಿಂಗಳಿಗೆ ಅಂತರ 2 ಮಿಲಿಮೀಟರಿಗೆ ಬಂತು.

ಈ ವರ್ಷದ ಜಾತ್ರಿಯಾಗ ದಾಸೋಹದ ಪಂಕ್ತಿಯಾಗ ಕುಂತಾಗ ಮಗಳು ರಬ್ಬರ್ ತೆಗೆದು ಡಬ್ಬಿಗೆ ಹಾಕಿದ್ಲು, ಮಿರ್ಚಿ ಮುರಿದು ಸಣ್ಣ ಸಣ್ಣ ಮಾಡ್ಕೊಂಡು ತಿಂದ್ಲು, ನಳದಾಗ ಬಾಯಿ ಮುಕ್ಕಳಿಸಿದ್ಲು. ತೇರು ನೋಡಾಕ ಹೋಗೂಣು ಬಾ ಅಂತ ನಾನು ಅವಸರ ಮಾಡ್ತಿದ್ದೆ. ತಡೀಬೇ ಅಂತಂದು, ನನ್ನ ಮೊಬೈಲ್ ಕ್ಯಾಮರಾ ಕನ್ನಡಿ ಮಾಡ್ಕೊಂಡು, ಎಡಕ್ಕೊಂದು ಬಲಕ್ಕೊಂದು ಹೊಸ ರಬ್ಬರ್ ಸಿಗಿಸಿಕೊಂಡು ಆಮ್ಯಾಲ ಎದ್ಲು. ಬರ್ತೀನ್ರಿ, ನಮಸ್ಕಾರ.